ಬಚ್ಚಲಿನ 4.5 ಕಿಲೋವ್ಯಾಟ್ ಗೀಸರಿಗೆ ಯಾವ ವೈರ್, ಯಾವ ಎಂಸಿಬಿ?

ಪ್ರಶ್ನೆ (ಉಡುಪಿ):
ಅಂಬಲಪಾಡಿಯ ನಮ್ಮ ಹಳೆಯ ಮನೆಯಲ್ಲಿ ಹಂಡೆಯ ಒಲೆಯನ್ನು ತೆಗೆದು, ಶವರಿಗೆ ನೇರವಾಗಿ ಬಿಸಿನೀರು ಕೊಡುವ 4.5 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಹಾಕಿಸಬೇಕೆಂದಿದ್ದೇವೆ. ಬಚ್ಚಲಿಗೆ ಈಗಿರುವುದು 2.5 ಚದರ ಮಿಲಿಮೀಟರಿನ ವೈರ್, 16 ಆಂಪಿಯರಿನ ಪ್ಲಗ್. ಮೀಟರ್ ಬೋರ್ಡಿನಿಂದ ದೂರ ಸುಮಾರು 20 ಮೀಟರ್. ಎಂಸಿಬಿಯನ್ನು (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) 32 ಆಂಪಿಯರಿಗೆ ಬದಲಾಯಿಸಿದರೆ ಸಾಕು, ಗೋಡೆ ಒಡೆಯುವುದು ಬೇಡ ಎಂದು ಕೆಲಸಕ್ಕೆ ಬಂದವರು ಹೇಳುತ್ತಾರೆ. ಒದ್ದೆ ನೆಲದಲ್ಲಿ ನಿಂತು ಸ್ನಾನ ಮಾಡುವವರು 76 ವರ್ಷದ ಅಮ್ಮ, ಹಾಗಾಗಿ ಕೇಳುತ್ತಿದ್ದೇನೆ.

ಉತ್ತರ (ಮಂಗಳೂರು, ವೈರಿಂಗ್ ಕೆಲಸದವನು):
ದಯವಿಟ್ಟು ಇದಕ್ಕೆ ಒಪ್ಪಬೇಡಿ. 4500 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 19.6 ಆಂಪಿಯರ್ ಬರುತ್ತದೆ, ಮತ್ತು ಎಂಸಿಬಿ ಇರುವುದು ಗೀಸರನ್ನಲ್ಲ, ವೈರನ್ನು ಕಾಯಲು, 2.5ರ ವೈರಿಗೆ 32ರ ಎಂಸಿಬಿ ಹಾಕಿದರೆ, ಓವರ್‌ಲೋಡ್ ಆದಾಗ ಅದು ಬೀಳುವ ಮೊದಲೇ ಪೈಪಿನೊಳಗೆ ವೈರ್ ಕಾದು ಹೋಗುತ್ತದೆ. ಬೋರ್ಡಿನಿಂದ ಗೀಸರಿಗೆಂದೇ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆಸಿ, ಅಷ್ಟೇ ದಪ್ಪದ ಅರ್ಥಿಂಗ್ ವೈರ್ ಜೊತೆಗಿರಲಿ, 25 ಆಂಪಿಯರಿನ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಎಂಸಿಬಿ ಹಾಕಿಸಿ. ಅದೇ ಪೈಪಿನಲ್ಲಿ ಬೇರೆ ವೈರ್‌ಗಳೂ ಹೋಗುವುದಾದರೆ 6 ಚದರ ಮಿಲಿಮೀಟರ್ ಒಳ್ಳೆಯದು.

ಪ್ಲಗ್ ಬೇಡವೇ ಬೇಡ. ಸುರತ್ಕಲ್ಲಿನ ಒಂದು ಮನೆಯಲ್ಲಿ ನಾನು ಬಿಚ್ಚಿದ ಸಾಕೆಟ್‌ನ ಒಂದು ತೂತು ಕಂದಾಗಿ ಕರಗಿತ್ತು, ಒಳಗಿನ ಹಿತ್ತಾಳೆಯ ಸ್ಕ್ರೂ ಕಡಲ ಗಾಳಿಗೆ ಹಸಿರುಗಟ್ಟಿ ಸಡಿಲವಾಗಿತ್ತು. ಬಚ್ಚಲಿನ ಹೊರಗೋಡೆಯಲ್ಲಿ 32 ಆಂಪಿಯರಿನ ಡಬಲ್ ಪೋಲ್ ಸ್ವಿಚ್ ಇಟ್ಟು ಗೀಸರಿಗೆ ನೇರ ಜೋಡಿಸಲಿ.

ಉತ್ತರ (ಮಣಿಪಾಲ):
ಮೇಲಿನವರು ಹೇಳಿದ್ದಕ್ಕೆ ಆರ್‌ಸಿಸಿಬಿಯನ್ನು, ಅಂದರೆ ಕರೆಂಟ್ ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸ್ವಿಚ್ಚನ್ನು, ಸೇರಿಸಲೇಬೇಕು. ನಮ್ಮ ಮುರಕಲ್ಲಿನ ನೆಲ ಏಪ್ರಿಲ್ ಹೊತ್ತಿಗೆ ಒಣಗಿ, ಅರ್ಥಿಂಗ್ ಗುಂಡಿಯ ರೋಧ ಏರುತ್ತದೆ. ಅದು 50 ಓಮ್ ಆಯಿತೆಂದುಕೊಳ್ಳಿ. ಗೀಸರಿನ ಮೈಗೆ ಫೇಸ್ ತಗುಲಿದರೂ ನೆಲಕ್ಕೆ ಹರಿಯುವುದು 4.6 ಆಂಪಿಯರ್ ಮಾತ್ರ, ಅಷ್ಟಕ್ಕೆ 25ರ ಎಂಸಿಬಿ ಅಲುಗುವುದೂ ಇಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮನೆಯಲ್ಲಿ ಆರ್‌ಸಿಸಿಬಿ ಇತ್ತು, ಆದರೆ ಪ್ರತಿ ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಬೀಳುತ್ತಿದೆಯೆಂದು ಅದನ್ನು ತಪ್ಪಿಸಿ ನೇರ ಜೋಡಿಸಿದ್ದಾರೆ.

ಉತ್ತರ (ಮಣಿಪಾಲ):
ಅದು ಬೀಳುತ್ತಿದ್ದುದು ಎಲ್ಲೋ ತೇವದಿಂದ ಕರೆಂಟ್ ಸೋರುತ್ತಿದೆ ಎಂಬುದಕ್ಕೇ. ಒಂದೊಂದೇ ಲೈನನ್ನು ಬಿಚ್ಚಿ ಮೆಗ್ಗರಿನಲ್ಲಿ (ವೈರಿನ ಇನ್ಸುಲೇಶನ್ ಅಳೆಯುವ ಉಪಕರಣ) ಪರೀಕ್ಷಿಸಿದರೆ ಸಿಗುತ್ತದೆ. ಮೊದಲು ಹೊರಗಿನ ದೀಪ ಮತ್ತು ಬಾವಿಯ ಪಂಪಿನ ಲೈನ್ ನೋಡಿಸಿ. ಗೀಸರಿಗೆ ಪ್ರತ್ಯೇಕ 40 ಆಂಪಿಯರಿನ ಆರ್‌ಸಿಸಿಬಿ ಇರಲಿ, ಅದರ ನ್ಯೂಟ್ರಲ್ ಬೇರೆ ಲೈನಿನ ನ್ಯೂಟ್ರಲ್ಲಿಗೆ ಸೇರದಿರಲಿ. ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಸಾಲದಿದ್ದರೆ ಕೆಲಸ ಶುರುವಾಗುವ ಮೊದಲೇ ಹೆಚ್ಚಿಸಿಕೊಳ್ಳಿ.