ಅಪ್‌ಡೇಟ್: ನಮ್ಮ ಶೆಫರ್ಡ್‌ನ ನಿಲ್ಲದ ಭೇದಿ

ನಮ್ಮ ಆರು ವರ್ಷದ ಜರ್ಮನ್ ಶೆಫರ್ಡ್ ನಾಯಿ ರಾಜನಿಗೆ ತಿಂಗಳುಗಟ್ಟಲೆ ಭೇದಿ, ಆಗಾಗ ವಾಂತಿ, ತೂಕ ಇಳೀತಿದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಜಂತುಹುಳದ ಮಾತ್ರೆ, ಆಂಟಿಬಯಾಟಿಕ್ ಎಲ್ಲ ಆಗಿತ್ತು. ನಿಲ್ಲಿಸಿದರೆ ಮತ್ತೆ ಶುರು.

ನೀವು ಹೇಳಿದಂತೆ ಮೊದಲು ಆಹಾರ ಬದಲಿಸಿದೆವು. ಹೈಡ್ರೊಲೈಸ್ಡ್ ಫುಡ್, ಅಂದರೆ ದೇಹ ಗುರುತು ಹಿಡಿಯದಷ್ಟು ಸಣ್ಣಗೆ ಪ್ರೊಟೀನ್ ಒಡೆದಿರುವ ತಿಂಡಿ. ಅದೊಂದೇ, ಬೇರೇನೂ ಇಲ್ಲ. ಮೂರು ವಾರವಾದರೂ ಫಲ ಅಷ್ಟಕ್ಕಷ್ಟೆ. ಆಮೇಲೆ ಗೊತ್ತಾಯ್ತು, ಅಮ್ಮ "ಪಾಪ, ಮೂಕಪ್ರಾಣಿ" ಅಂತ ದಿನಾ ಕದ್ದು ಮೊಸರನ್ನ, ಬಿಸ್ಕತ್ತು ಹಾಕ್ತಿದ್ದರು! ಮತ್ತೆ ಮೊದಲಿಂದ ಶುರು ಮಾಡಿದೆವು.

ಈ ಸಲ ಸ್ವಲ್ಪ ಮೇಲು, ಆದರೆ ಪೂರ್ತಿ ನಿಲ್ಲಲಿಲ್ಲ. ಡಾಕ್ಟರು ಎಂಡೋಸ್ಕೋಪಿ ಮಾಡಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಒಳಗೆ ಬಿಟ್ಟು, ಕರುಳಿನ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಅಲ್ಲ, ಕರುಳಿನ ಉರಿಯೂತವೇ. ರಕ್ತದಲ್ಲಿ ವಿಟಮಿನ್ ಬಿ12 ಕಡಿಮೆ ಇತ್ತು, ವಾರಕ್ಕೊಂದು ಇಂಜೆಕ್ಷನ್ ಕೊಟ್ಟರು. ಜೊತೆಗೆ ಪ್ರೆಡ್ನಿಸೊಲೋನ್, ಅಂದರೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧಿ.

ಈಗ ಮಲ ಗಟ್ಟಿ. ತೂಕ ಎರಡು ಕೆಜಿ ಏರಿದೆ. ಆದರೆ ಸ್ಟೀರಾಯ್ಡ್‌ನಿಂದ ನೀರು ಜಾಸ್ತಿ ಕುಡೀತಾನೆ, ರಾತ್ರಿ ಎರಡು ಸಲ ಹೊರಗೆ ಬಿಡಬೇಕು. ಡೋಸ್ ನಿಧಾನವಾಗಿ ಇಳಿಸ್ತಿದ್ದಾರೆ. ಅಮ್ಮ ಈಗ ಬಿಸ್ಕತ್ತಿನ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದಾರೆ.