ಪೆಟ್ಟು ಬಿದ್ದದ್ದು ತಲೆಯ ಹಿಂದೆ, ವಾಸನೆ ಹೋದದ್ದು ಮೂಗಿನಿಂದ. ಹೇಗೆ?

ಹುರಿದಬೀಜ:
ಹಾಸನದಲ್ಲಿ ನನ್ನದೊಂದು ಸಣ್ಣ ಕಾಫಿಪುಡಿ ಅಂಗಡಿ. ಅಪ್ಪನ ಕಾಲದ್ದು. ಬೀಜ ಹುರಿಯುವಾಗ ನಾನು ಯಾವತ್ತೂ ಗಡಿಯಾರ ನೋಡಿದವನಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಮೂಗೇ ಹೇಳುತ್ತಿತ್ತು.

ಆಷಾಢದಲ್ಲಿ ಹಿತ್ತಲ ಮೆಟ್ಟಿಲ ಪಾಚಿಗೆ ಕಾಲು ಜಾರಿ ಅಂಗಾತ ಬಿದ್ದೆ. ತಲೆಯ ಹಿಂಭಾಗ ಮೆಟ್ಟಿಲ ಅಂಚಿಗೆ ಬಡಿಯಿತು. ನಾಲ್ಕು ಹೊಲಿಗೆ. ಸಿ.ಟಿ. ತೆಗೆದು ಎಲ್ಲ ನಾರ್ಮಲ್ ಎಂದು ಕಳಿಸಿದರು. ಎರಡು ವಾರ ಬಿಟ್ಟು ಅಂಗಡಿ ತೆರೆದೆ. ಐದು ಕೆಜಿ ಪೀಬೆರಿ ಕಾಫಿಬೀಜ ಇದ್ದಿಲಾಗುವವರೆಗೂ ನನಗೆ ಗೊತ್ತಾಗಲಿಲ್ಲ. ಪಕ್ಕದ ಟೈಲರ್ ಓಡಿ ಬಂದು ಮೆಷಿನ್ ಆಫ್ ಮಾಡಿದರು.

ಈಗ ಎರಡೂವರೆ ತಿಂಗಳು. ಕಾಫಿ ಕುಡಿದರೆ ಕಹಿ ಮತ್ತು ಬಿಸಿ, ಅಷ್ಟೇ. ನೀಲಗಿರಿ ಎಣ್ಣೆ ಹಿಡಿದರೆ ಮೂಗೊಳಗೆ ತಣ್ಣಗೆ ಚುರುಕ್ ಅನ್ನುತ್ತದೆ, ವಾಸನೆ ಮಾತ್ರ ಇಲ್ಲ. ಡಾಕ್ಟರನ್ನು ಕೇಳಿದರೆ "ತಲೆಗೆ ಪೆಟ್ಟಾದಾಗ ಹೀಗಾಗುತ್ತೆ" ಅಂದರು. ಮೂಗಿಗೆ ಏನೂ ಆಗಿಲ್ಲ, ಮೂಳೆ ಮುರಿದಿಲ್ಲ. ಹಾಗಾದರೆ ಹೋದದ್ದು ಏನು?

ಅಜ್ಜಿಮದ್ದು:
ರಾತ್ರಿ ಮಲಗುವಾಗ ಎರಡೂ ಹೊಳ್ಳೆಗೆ ಎರಡೆರಡು ಹನಿ ಬಿಸಿ ಮಾಡಿದ ತುಪ್ಪ ಬಿಡಿ. ನಮ್ಮ ಮಾವನಿಗೆ ಕೊರೊನಾ ಆದಮೇಲೆ ವಾಸನೆ ಹೀಗೇ ವಾಪಸ್ ಬಂತು.

ಮೂಳೆಟೀಚರ್:
ತುಪ್ಪ ಸದ್ಯಕ್ಕೆ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲ ವರ್ಷದ ಎಂ.ಬಿ.ಬಿ.ಎಸ್. ಮಕ್ಕಳಿಗೆ ಅನಾಟಮಿ ಪಾಠ ಮಾಡುವವಳು ನಾನು. ಪಾಠದ ಚಟ, ಸ್ವಲ್ಪ ಉದ್ದವಾದೀತು.

ಮುಚ್ಚಳ ತೆಗೆದ ತಲೆಬುರುಡೆಯನ್ನು ಮೇಲಿನಿಂದ ನೋಡಿ. ತಳ ಸಪಾಟಾಗಿಲ್ಲ, ಮೂರು ಮೆಟ್ಟಿಲಿದೆ. ಎಲ್ಲಕ್ಕಿಂತ ಎತ್ತರದ್ದು ಮುಂದಿನದು. ಮಿದುಳಿನ ಮುಂಭಾಗ ಕೂರುವುದು ಅದರ ಮೇಲೆ. ಅದರ ಎಡಬಲದ ಭಾಗವೇ ನಿಮ್ಮ ಕಣ್ಣುಗುಳಿಗಳ ಛಾವಣಿ. ಬುರುಡೆಯನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಅಲ್ಲಿ ಬೆಳಕು ಮಬ್ಬಾಗಿ ಕಾಣುತ್ತದೆ, ಬೋಂಡ ಕಟ್ಟಿದ ಪೇಪರಿನ ಎಣ್ಣೆ ಕಲೆಯ ಹಾಗೆ. ಅಷ್ಟು ತೆಳು. ಹಿಂದಿನ ಅಂಚು ಸ್ಫೀನಾಯ್ಡ್ ಮೂಳೆಯದು, ಕಣ್ಣಿನ ನರ ಹೋಗುವ ದಾರಿ ಅಲ್ಲಿದೆ. ನಿಮ್ಮ ಕಥೆಗೆ ಅದು ಬೇಡ.

ನಿಮಗೆ ಬೇಕಾದದ್ದು ನಟ್ಟನಡುವಿನ ಜಾಗ. ಎರಡು ಛಾವಣಿಗಳ ಮಧ್ಯೆ ಒಂದು ಸಣ್ಣ ಕಾಲುವೆಯಿದೆ. ಅದರ ತಳ ತುಂಬ ತೂತು. ಎತ್ಮಾಯ್ಡ್ ಮೂಳೆಯ ಕ್ರಿಬ್ರಿಫಾರ್ಮ್ ಪ್ಲೇಟ್ ಇದು, ಹೆಸರಿನ ಅರ್ಥವೇ ಜರಡಿಯಂಥದ್ದು ಅಂತ. ನಡುವೆ ಒಂದು ಮೂಳೆಯ ಏಣು ಎದ್ದು ನಿಂತಿರುತ್ತದೆ. ಕ್ರಿಸ್ಟಾ ಗ್ಯಾಲೈ, ಅಂದರೆ ಹುಂಜದ ಜುಟ್ಟು. ನೋಡಿದರೆ ಹೌದಲ್ವಾ ಅನಿಸುತ್ತದೆ. ಮಿದುಳಿನ ಎರಡು ಹೋಳುಗಳ ನಡುವಿನ ಪರದೆಯ ಮುಂದಿನ ತುದಿ ಈ ಜುಟ್ಟಿಗೆ ಅಂಟಿಕೊಂಡಿದೆ. ನಮ್ಮ ವಿಭಾಗದ ಎಷ್ಟೋ ಬುರುಡೆಗಳಲ್ಲಿ ಜರಡಿ ಒಡೆದೇ ಹೋಗಿದೆ. ಮಕ್ಕಳು ತೂತು ತೋರಿಸಲು ಪೆನ್ಸಿಲ್ ಚುಚ್ಚುತ್ತಾರೆ, ಎಷ್ಟು ಬೈದರೂ ಅಷ್ಟೇ.

ಜರಡಿಯ ಕೆಳಗೆ ಮೂಗಿನ ಛಾವಣಿ, ಮೇಲೆ ವಾಸನೆಯ ಗಡ್ಡೆ (ಆಲ್ಫ್ಯಾಕ್ಟರಿ ಬಲ್ಬ್), ಅಂದರೆ ಮೂಗಿನ ಸುದ್ದಿ ಮೊದಲು ತಲುಪುವ ಮಿದುಳಿನ ಪುಟ್ಟ ಭಾಗ. ಒಂದೊಂದು ಕಡೆಯೂ ಸುಮಾರು 20 ನರದ ಎಳೆಗಳು ಮೂಗಿನಿಂದ ಈ ತೂತುಗಳಲ್ಲಿ ಹಾದು ಗಡ್ಡೆ ಸೇರುತ್ತವೆ. ನೀವು ಅಂಗಾತ ಬಿದ್ದಾಗ ಬುರುಡೆ ಮೆಟ್ಟಿಲಿಗೆ ಬಡಿದು ತಟ್ಟನೆ ನಿಂತಿತು. ಒಳಗಿನ ಮಿದುಳು ನಿಲ್ಲಲಿಲ್ಲ. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಜೋಲಿ ಹೊಡೆಯುವ ಹಾಗೆ ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಬಂತು. ಗಡ್ಡೆ ಮಿದುಳಿನ ಜೊತೆ ಸರಿಯಿತು, ಎಳೆಗಳು ತೂತಿನಲ್ಲೇ ಸಿಕ್ಕಿಕೊಂಡವು. ಜಗ್ಗಿ ತುಂಡಾಗಿರಬೇಕು. ಇದಕ್ಕೆ ಮೂಳೆ ಮುರಿಯಬೇಕೆಂದಿಲ್ಲ. ಸಿ.ಟಿ.ಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ, ಈ ಎಳೆಗಳು ಕಾಣುವುದಿಲ್ಲ. ಗಡ್ಡೆಗೂ ಮಿದುಳಿನ ಮುಂಭಾಗಕ್ಕೂ ಏಟಾಗಿದೆಯಾ ನೋಡಲು ಎಂ.ಆರ್.ಐ. ಬೇಕು.

ನೀಲಗಿರಿಯ ಚುರುಕು ಬೇರೆ ನರದ್ದು. ಮಿದುಳಿನಿಂದ ಹೊರಡುವ ನರಗಳಲ್ಲಿ ಐದನೆಯದು ಮುಖಕ್ಕೂ ಮೂಗಿನ ಒಳಪದರಕ್ಕೂ ಬರುತ್ತದೆ. ಉರಿ, ತಂಪು, ಘಾಟು ಹೇಳುವುದು ಅದು. ಅದರ ಹೆಚ್ಚಿನ ಕವಲುಗಳಿಗೆ ಈ ಜರಡಿ ದಾರಿಯಲ್ಲ. ನಿಮ್ಮ ಕಾಫಿಯ ಕಹಿ ನಾಲಿಗೆಯದು. ಉಳಿದ ರುಚಿ ಬಹುಪಾಲು ವಾಸನೆಯೇ, ಬಾಯಿಯ ಹಿಂದಿನಿಂದ ಮೂಗಿಗೆ ಏರುತ್ತದೆ.

ಈಗ ತುಪ್ಪದ ವಿಷಯ. ಬಗ್ಗಿದಾಗ ಒಂದೇ ಹೊಳ್ಳೆಯಿಂದ ತೆಳ್ಳನೆ ನೀರು ತೊಟ್ಟಿಕ್ಕುತ್ತದೆಯಾ? ಅದು ಮೊದಲು ಗೊತ್ತಾಗಬೇಕು.

ರಂಗೋಲಿಚುಕ್ಕಿ:
ಟೀಚರ್ ಕೇಳಿದ್ದು ನನ್ನ ಕಥೆ. ಬೈಕಿನಿಂದ ಬಿದ್ದು ಒಂದು ತಿಂಗಳಿಗೆ ಎಡ ಹೊಳ್ಳೆಯಿಂದ ನೀರು ಶುರುವಾಯಿತು. ರಂಗೋಲಿ ಹಾಕಲು ಬಗ್ಗಿದರೆ ಟಪ್ ಟಪ್ ಅಂತ ನೆಲಕ್ಕೆ, ಚುಕ್ಕಿ ಕಲಸಿ ಹೋಗುತ್ತಿತ್ತು. ಗಂಟಲಿಗೆ ಇಳಿದರೆ ಉಪ್ಪುಪ್ಪು. ಎಂಟು ತಿಂಗಳು ಅಲರ್ಜಿ ನೆಗಡಿ ಅಂತ ಮಾತ್ರೆ ನುಂಗಿದೆ. ಕೊನೆಗೆ ಒಬ್ಬ ಕಿವಿ-ಮೂಗು ಡಾಕ್ಟರು ಆ ನೀರನ್ನೇ ಸೀಸೆಯಲ್ಲಿ ಹಿಡಿದು ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಇದೆಯಾ ಅಂತ ಪರೀಕ್ಷೆಗೆ ಕಳಿಸಿದರು. ಅದು ನೆಗಡಿಯಲ್ಲ, ಮಿದುಳಿನ ಸುತ್ತಲಿನ ನೀರು! ತಲೆ ತೆರೆಯಲಿಲ್ಲ. ಮೂಗಿನಿಂದಲೇ ಎಂಡೋಸ್ಕೋಪ್ ಹಾಕಿ, ಮೂಗಿನ ನಡುಗೋಡೆಯ ಪದರ ತಂದು ತೇಪೆ ಹಾಕಿದರು. ನನಗೆ ಬಿರುಕಿದ್ದದ್ದು ಜರಡಿಯಲ್ಲಲ್ಲ, ಅದರ ಪಕ್ಕದ ಗೋಡೆಯಲ್ಲಂತೆ.

ಮೂಳೆಟೀಚರ್:
ಲ್ಯಾಟರಲ್ ಲ್ಯಾಮೆಲ್ಲಾ. ಆ ಕಾಲುವೆಯ ಪಕ್ಕದ ಗೋಡೆ, ಬುರುಡೆಯ ತಳದಲ್ಲೇ ಅತಿ ತೆಳುವಾದ ಜಾಗ. ಕಾಲುವೆ ಆಳವಾದಷ್ಟೂ ಈ ಗೋಡೆ ಎತ್ತರ, ಅಪಾಯವೂ ಜಾಸ್ತಿ. 1962ರಲ್ಲಿ ಕೆರೋಸ್ ಎಂಬ ವೈದ್ಯರು ಈ ಆಳವನ್ನು ಮೂರು ಬಗೆ ಮಾಡಿದರು: 1ರಿಂದ 3 ಮಿ.ಮೀ., 4ರಿಂದ 7, 8ರಿಂದ 16. ಒಬ್ಬರದೇ ಎಡಬಲ ಕೂಡ ಒಂದೇ ಸಮ ಇರಬೇಕೆಂದಿಲ್ಲ. ಸೈನಸ್ ಆಪರೇಷನ್ ಮಾಡುವವರು ಮೊದಲು ಸಿ.ಟಿ.ಯಲ್ಲಿ ಇದನ್ನು ಅಳೆದುಕೊಳ್ಳುತ್ತಾರೆ.

ತಮಾಷೆ ನೋಡಿ, ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಕಾಲದಿಂದ 17ನೇ ಶತಮಾನದವರೆಗೆ ಯುರೋಪಿನ ವೈದ್ಯರು ನೆಗಡಿ ಮಿದುಳಿನಿಂದ ಈ ತೂತುಗಳಲ್ಲಿ ಸೋರುತ್ತದೆ ಎಂದೇ ನಂಬಿದ್ದರು. ಅದು ಮೂಗಿನ ಪದರದಲ್ಲೇ ಹುಟ್ಟುತ್ತದೆ ಎಂದು ಜರ್ಮನಿಯ ಷ್ನೈಡರ್ ತೋರಿಸಿಕೊಟ್ಟರು. ಎಲ್ಲ ನೆಗಡಿಯೂ ಮಿದುಳಿನದು ಅನ್ನುತ್ತಿದ್ದರು ಆಗ. ಮಿದುಳಿನ ನೀರು ನಿಜವಾಗಿ ಸೋರಿದರೆ ನೆಗಡಿ ಅನ್ನುತ್ತೇವೆ ಈಗ.

ಬಿರುಕಿದ್ದರೆ ಮೂಗಿನ ಸೋಂಕು ನೇರ ಮಿದುಳಿನ ಪದರಕ್ಕೆ ಏರಬಹುದು. ಅದಕ್ಕೇ ತುಪ್ಪ ಬೇಡ ಅಂದೆ.

ಹುರಿದಬೀಜ:
ಬಗ್ಗಿ ಗೋಣಿಚೀಲ ಎತ್ತಿ ನೋಡಿದೆ ಮೇಡಂ, ಒಂದು ತೊಟ್ಟೂ ಇಲ್ಲ. ಎಂ.ಆರ್.ಐ.ಗೆ ಸೋಮವಾರ ಹೋಗುತ್ತೇನೆ. ತುಂಡಾದ ಎಳೆ ಮತ್ತೆ ಬೆಳೆಯುತ್ತದಾ?

ಮೂಳೆಟೀಚರ್:
ವಾಸನೆಯ ನರಕೋಶಗಳು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ, ಅದು ಅವುಗಳ ವಿಶೇಷ. ಆದರೆ ಜರಡಿಯ ತೂತಿನಲ್ಲಿ ಗಾಯದ ಗಂಟು ಕಟ್ಟಿದ್ದರೆ ಹೊಸ ಎಳೆಗೆ ದಾರಿ ಸಿಗದು. ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ. ಸುಳ್ಳು ಭರವಸೆ ಕೊಡಲಾರೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಮೂಸುವ ಅಭ್ಯಾಸ ಮಾಡಿಸುತ್ತಾರೆ. ಡಾಕ್ಟರನ್ನು ಕೇಳಿ ಶುರು ಮಾಡಿ. ಮತ್ತೆ, ಅಡುಗೆಮನೆಗೆ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಇವತ್ತೇ ತನ್ನಿ.

ಹುರಿದಬೀಜ:
ಅಲಾರಂ ತಂದೆ. ಲವಂಗ ಮನೆಯಲ್ಲೇ ಇತ್ತು. ಈಗ ಹುರಿಯುವಾಗ ಹೆಂಡತಿ ಪಕ್ಕದಲ್ಲಿ ನಿಂತು "ಸಾಕು" ಅನ್ನುತ್ತಾಳೆ. ಬೀಜ ಚಟಪಟ ಅನ್ನುವ ಸದ್ದು ನಾನು ಎಣಿಸುತ್ತೇನೆ. ನಿನ್ನೆ ಅವಳು ನನ್ನ ಲೆಕ್ಕಕ್ಕಿಂತ ಅರ್ಧ ನಿಮಿಷ ಮೊದಲೇ ನಿಲ್ಲಿಸಿದಳು. ಪುಡಿ ಈ ಸಲ ಚೆನ್ನಾಗಿದೆ ಅಂತ ಹಳೇ ಗಿರಾಕಿಯೊಬ್ಬರು ಹೇಳಿ ಹೋದರು. ಅವಳ ಮುಂದೆಯೇ ಹೇಳಬೇಕಿತ್ತಾ.