ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಹಗಲು ರೈಲಲ್ಲಿ ಮಂಗಳೂರಿಗೆ: ಯಾವ ಕಡೆ ಕೂರಬೇಕು?

ಮಲ್ಲೇಶ್ವರದ ಮಗಳು:
ಅಮ್ಮ ಮಂಗಳೂರಿಗೆ ಎಷ್ಟೋ ಸಲ ಹೋಗಿದ್ದಾರೆ. ಆದರೆ ಯಾವಾಗಲೂ ರಾತ್ರಿ ಬಸ್ಸು, ಘಾಟಿ ಬರುವಷ್ಟರಲ್ಲಿ ಗಾಢ ನಿದ್ದೆ. ಈ ಸಲ ಯಶವಂತಪುರದಿಂದ ಹಗಲು ರೈಲಲ್ಲಿ ಹೋಗಿ ಎರಡು ರಾತ್ರಿ ಉಳಿಯೋಣ ಅಂತ ಇದ್ದೇವೆ. ವಿಸ್ಟಾಡೋಮ್ ಅಂತ ಗಾಜಿನ ಬೋಗಿ ಇದೆಯಲ್ಲ, ಅದಕ್ಕೆ ಅಷ್ಟು ದುಡ್ಡು ಕೊಡಬಹುದಾ? ಮಳೆ ಇಲ್ಲದ ಕಾಲದಲ್ಲಿ ಘಾಟಿ ಬೋಳಾಗಿ ಕಾಣುತ್ತಾ? ಅಮ್ಮನಿಗೆ ಮಂಡಿನೋವು, ಜಾಸ್ತಿ ಓಡಾಟ ಆಗಲ್ಲ.

ತೋಟದಮನೆ:
ಬೋಳು ಯಾಕಾಗುತ್ತೆ? ಕಾಡು ಹಸಿರಾಗೇ ಇರುತ್ತೆ, ಝರಿಗಳು ಮಾತ್ರ ಸೊರಗಿರುತ್ತವೆ. ಮಳೆಗಾಲದಲ್ಲಿ ಮಂಜು ಮುಚ್ಚಿದರೆ ಏನೂ ಕಾಣಲ್ಲ, ಗುಡ್ಡ ಕುಸಿದರೆ ರೈಲೇ ಇಲ್ಲ. ಡಿಸೆಂಬರ್ ಅಂದ್ರೆ ನಮ್ಮ ಕಡೆ ಅರೇಬಿಕಾ ಕುಯ್ಲು. ಸಕಲೇಶಪುರ ಹತ್ತಿರ ಬಂದಾಗ ಹೊರಗೆ ಕಣ್ಣಿಡಿ, ಕಣದ ತುಂಬಾ ಕಾಫಿ ಹರವಿರುತ್ತಾರೆ.

ಕೊಡಿಯಾಲ್‌ಬೈಲ್:
ಬಲಗಡೆ ಕೂತುಕೊಳ್ಳಿ. ಇಳಿಯುವಾಗ ಕೆಂಪುಹೊಳೆಯ ಕಣಿವೆ ಹೆಚ್ಚಾಗಿ ಆ ಕಡೆಯೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಸುಮಾರು 55 ಕಿ.ಮೀ., 57 ಸುರಂಗ. ಮೊದಲನೇ ಸುರಂಗಕ್ಕೆ ಬೋಗಿಯ ಮಕ್ಕಳೆಲ್ಲ ಕಿರುಚುತ್ತಾರೆ. ಹತ್ತನೆಯದಕ್ಕೂ ಕಿರುಚುತ್ತಾರೆ. ನಿಮ್ಮ ಪುಣ್ಯ ಇದ್ದರೆ ಆಮೇಲೆ ಮಲಗುತ್ತಾರೆ. 50 ಮೀಟರಿಗೆ 1 ಮೀಟರ್ ಇಳಿಜಾರು, ಹಾಗಾಗಿ ಬ್ರೇಕ್ ನೋಡದೆ ಸಕಲೇಶಪುರದಿಂದ ಬಿಡುವುದೇ ಇಲ್ಲ. ಆ ಹೊತ್ತಲ್ಲಿ ಅಮ್ಮನಿಗೆ ಒಂದು ಕಾಫಿ ಕೊಡಿಸಿ.

ವಿಸ್ಟಾಡೋಮ್‌ನಲ್ಲಿ ದೊಡ್ಡ ಗಾಜು, ತಿರುಗುವ ಸೀಟು, ಕಾಲು ಚಾಚಲು ಜಾಗ ಉಂಟು. ಮಂಡಿನೋವಿಗೆ ಅದೇ ಸರಿ. ನನ್ನನ್ನು ಕೇಳಿದರೆ ಸಾದಾ ಬೋಗಿಯೇ ಚಂದ ಮಾರಾಯ್ರೆ. ಕಿಟಕಿ ಎತ್ತಿದರೆ ಕಾಡಿನ ತಣ್ಣನೆ ಗಾಳಿ ಮುಖಕ್ಕೆ ಬರುತ್ತದೆ. ಸುರಂಗದೊಳಗೆ ಬ್ರೇಕ್ ಸುಟ್ಟ ವಾಸನೆಯೂ ಬರುತ್ತದೆ, ಅದು ಬೇರೆ ಮಾತು.

ರೈಲು ನಿಲ್ಲುವುದು ಪಡೀಲಿನ ಹತ್ತಿರದ ಜಂಕ್ಷನ್‌ನಲ್ಲಿ, ಸೆಂಟ್ರಲ್‌ನಲ್ಲಿ ಅಲ್ಲ. ಪೇಟೆ ನಡುವಿನ ಹಂಪನಕಟ್ಟೆಗೆ ಆಟೋ ಹಿಡಿಯಬೇಕು. ಸ್ವೆಟರ್ ಬ್ಯಾಗಿನಲ್ಲೇ ಇರಲಿ, ನಮ್ಮಲ್ಲಿ ಡಿಸೆಂಬರ್‌ನಲ್ಲೂ ಸೆಕೆಯೇ. ಬೆಳಿಗ್ಗೆ ಬನ್ಸ್ ತಿಂದು ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯ ಮೊಸ್ಕೇನಿ ಗೋಡೆ, ಛಾವಣಿ ಎಲ್ಲ ಚಿತ್ರ ಬರೆದಿದ್ದಾರೆ, ಬೆಂಚಿನಲ್ಲಿ ಕೂತೇ ನೋಡಬಹುದು. ಸಂಜೆ ತಣ್ಣೀರುಬಾವಿ ಬೀಚ್, ವಾಪಸ್ ಬರುತ್ತಾ ಗಡ್‌ಬಡ್ ಐಸ್‌ಕ್ರೀಂ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ, ಇವತ್ತು ಆಟ ಎಲ್ಲಿ ಅಂತ ಊರಿನ ಪೇಪರಿನಲ್ಲಿ ನೋಡಿ. ಬೆಳಗಿನವರೆಗೆ ಕೂರುವುದು ಬೇಡ, ಚೆಂಡೆ ಏರುವವರೆಗಾದರೂ ಇರಿ.

ಮಲ್ಲೇಶ್ವರದ ಮಗಳು:
ತುಂಬಾ ಥ್ಯಾಂಕ್ಸ್ ಸರ್. ಗಡ್‌ಬಡ್ ಅಂತ ಕೇಳಿದ ಮೇಲೆ ಅಮ್ಮನ ಮಂಡಿನೋವು ಅರ್ಧ ವಾಸಿ. ವಾಪಸ್ ರಾತ್ರಿ ರೈಲು ಹಿಡಿದರೆ ಒಂದು ದಿನ ಉಳಿಯುತ್ತೆ, ಅಲ್ವಾ?

ಕೊಡಿಯಾಲ್‌ಬೈಲ್:
ಉಳಿಯುತ್ತದೆ, ಆದರೆ ಹಗಲೇ ಬನ್ನಿ. ಘಾಟಿ ಹತ್ತುವಾಗ ಸುಬ್ರಹ್ಮಣ್ಯ ರೋಡಿನಲ್ಲಿ ಹಿಂದಿನಿಂದ ತಳ್ಳಲು ಎಂಜಿನ್ ಕಟ್ಟುತ್ತಾರೆ, ಅದು ನೋಡುವಂಥದ್ದು. ಹಗಲು ರೈಲುಗಳು ಒಂದೊಂದೂ ವಾರದ ಬೇರೆ ಬೇರೆ ದಿನ ಓಡುತ್ತವೆ. ದಿನ ನೋಡಿಕೊಂಡು ಟಿಕೆಟ್ ಮಾಡಿ, ರೂಮು ಆಮೇಲೆ. ಮತ್ತೆ ಬರುವಾಗ ಎಡಗಡೆ ಸೀಟು.